ಕಾರಿನ ಬಾಗಿಲು ಅರ್ಧಕ್ಕೇ ನಿಲ್ತಿದೆ, ಪೂರ್ತಿ ಲಾಕ್ ಆಗ್ತಿಲ್ಲ

ಪ್ರಶ್ನೆ (ದಾವಣಗೆರೆ):
ಡ್ರೈವರ್ ಕಡೆ ಬಾಗಿಲು ಎಷ್ಟು ಜೋರಾಗಿ ಹಾಕಿದ್ರೂ ಒಂದೇ ‘ಟಕ್’ ಅಂದು ನಿಲ್ಲುತ್ತೆ. ಡೋರ್ ಲೈಟು ಹಾಗೇ ಉರೀತಿರುತ್ತೆ. ಲಾಕ್ ಬದಲಿಸಲೇಬೇಕಾ?

ಉತ್ತರ (ಚಿತ್ರದುರ್ಗ):
ಈಗಲೇ ಬೇಡ ಸರ್. ಬಾಗಿಲು ತೆರೆದಿಟ್ಟು, ಅಂಚಿನಲ್ಲಿರೋ ಲಾಕಿನ ಕೊಕ್ಕೆಯನ್ನ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ. ಸರಿಯಿದ್ರೆ ಎರಡು ಸಲ ‘ಟಕ್’ ಅನ್ನುತ್ತೆ: ಮೊದಲ್ನೇದು ಅರ್ಧ ಲಾಕ್, ಎರಡನೇದು ಪೂರ್ತಿ. ಎರಡನೇದು ಬರದಿದ್ರೆ ಬಹುಪಾಲು ಹಳೇ ಗ್ರೀಸು ನಮ್ಮ ಬಯಲುಸೀಮೆ ಧೂಳಿನ ಜೊತೆ ಸೇರಿ ಮೇಣದ ಹಾಗೆ ಗಟ್ಟಿಯಾಗಿರುತ್ತೆ. ಡಬ್ಲ್ಯೂಡಿ-40 (ಜಿಡ್ಡು ಸಡಿಲಿಸೋ ಸ್ಪ್ರೇ) ಹೊಡೆದು 10 ನಿಮಿಷ ಬಿಡಿ, ಕೊಕ್ಕೆಯನ್ನ 15–20 ಸಲ ಆಡಿಸಿ, ಇಳಿಯೋ ಕಪ್ಪು ಜಿಡ್ಡು ಒರೆಸಿ, ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಬರೀ ಸ್ಪ್ರೇ ಸಾಲಲ್ಲ, ಬೇಗ ಆರಿಹೋಗುತ್ತೆ. ಬಾಗಿಲು ಹಾಕೋ ಮುಂಚೆ ಹ್ಯಾಂಡಲ್ ಎಳೆದು ಕೊಕ್ಕೆ ಬಿಡಿಸಿ. ಮರೆತು ಬಡಿದ್ರೆ ಲಾಕೂ ಸ್ಟ್ರೈಕರೂ (ಕೊಕ್ಕೆ ಕಚ್ಚಿಕೊಳ್ಳೋ ಕಂಬಿ) ಎರಡೂ ಕೆಡ್ತವೆ.

ಉತ್ತರ (ದಾವಣಗೆರೆ):
ಕೊಕ್ಕೆ ಸರಿಯಾಗಿ ಕೂತ್ರೆ ಬಾಗಿಲ ಚೌಕಟ್ಟಿನ ಕಂಬದಲ್ಲಿರೋ ಸ್ಟ್ರೈಕರ್ ನೋಡಿ. ಆದ್ರೆ ಮೊದಲು ಬಾಗಿಲನ್ನ ಅರ್ಧ ತೆರೆದು ತುದಿ ಹಿಡಿದು ಮೇಲಕ್ಕೆತ್ತಿ. ಲಟಲಟ ಅಂದ್ರೆ ಹಿಂಜ್ ಪಿನ್ (ಬಾಗಿಲ ಕೀಲಿನ ಕಡ್ಡಿ) ಸವೆದಿದೆ, ಅದನ್ನ ಸರಿ ಮಾಡದೆ ಸ್ಟ್ರೈಕರ್ ಮುಟ್ಟಬೇಡಿ. ಆಡದಿದ್ರೆ ಸ್ಟ್ರೈಕರ್ ಸುತ್ತ ಪೆನ್ಸಿಲ್ ಗೆರೆ ಎಳೆದು, ಸ್ಕ್ರೂ ಎರಡನ್ನೂ ಸಡಿಲ ಮಾತ್ರ ಮಾಡಿ, 1 ಮಿ.ಮೀ. ಹೊರಕ್ಕೆ ಸರಿಸಿ ಬಿಗಿ ಮಾಡಿ. ಪೂರ್ತಿ ಬಿಚ್ಚಿದ್ರೆ ಕೆಲವು ಗಾಡೀಲಿ ಆ ಸ್ಕ್ರೂ ಹಿಡಿಯೋ ಒಳಗಿನ ನಟ್ ಪ್ಲೇಟ್ ಕಂಬದೊಳಗೆ ಬಿದ್ದುಬಿಡುತ್ತೆ.

ಪ್ರಶ್ನೆ ಕೇಳಿದವರು:
ಕೊಕ್ಕೆ ಎರಡು ಸಲ ಕೂರುತ್ತೆ, ಆದ್ರೆ ಬೆರಳಲ್ಲಿ ಎಳೆದ್ರೆ ಬಿಟ್ಕೊಳ್ಳುತ್ತೆ.

ಉತ್ತರ (ಚಿತ್ರದುರ್ಗ):
ಹಾಗಾದ್ರೆ ಹೊರಗಿನ ಹ್ಯಾಂಡಲ್ ಪೂರ್ತಿ ವಾಪಸ್ ಕೂರ್ತಿದೆಯಾ ನೋಡಿ. ಹ್ಯಾಂಡಲ್‌ನಿಂದ ಲಾಕಿಗೆ ಹೋಗೋ ಕೇಬಲ್ ಬಿಗಿಯಾಗಿದ್ರೂ ಕೊಕ್ಕೆ ಹಿಡಿಯಲ್ಲ. ಎರಡೂ ಸರಿಯಿದ್ರೆ ಒಳಗಿನ ಸ್ಪ್ರಿಂಗ್ ಹೋಗಿದೆ, ಲಾಕ್ ಬದಲಿಸಿ. ಅಲ್ಲೀವರೆಗೂ ಹೈವೇಗೆ ಇಳೀಬೇಡಿ.