ಜ್ವರದಲ್ಲಿ ಮಗು ಗಡಗಡ ನಡುಗುತ್ತಿದೆ, ಕಂಬಳಿ ಹೊದಿಸೋದಾ ಬೇಡ್ವಾ?

ಡೊಂಬಿವಲಿ ಅಮ್ಮ:
ಮಗನಿಗೆ ಒಂಬತ್ತು ತಿಂಗಳು, ತೂಕ 8 ಕೆಜಿ. ಸಂಜೆಯಿಂದ ಜ್ವರ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 102 ತೋರಿಸುತ್ತಿದೆ. ಆಗಲೇ ಗಲ್ಲ, ಕೈಕಾಲು ಗಡಗಡ ನಡುಗಿದವು. ಅಂಗಾಲು ತಣ್ಣಗೆ, ಹೊಟ್ಟೆ ಮಾತ್ರ ಕಾದ ಹೆಂಚು. ಅತ್ತೆ ಕುಲಾವಿ ಹಾಕಿ ಎರಡು ಕಂಬಳಿ ಹೊದಿಸು ಅಂತಾರೆ. ಪಕ್ಕದ ಮನೆ ಕಾಕೂ ತಣ್ಣೀರು ಪಟ್ಟಿ ಹಾಕು ಅಂತಾರೆ. ನಮ್ಮ ಯಜಮಾನರು ಇನ್ನೂ ಲೋಕಲ್ ರೈಲಿನಲ್ಲಿದ್ದಾರೆ. ಪ್ಯಾರಸಿಟಮಾಲ್ ಡ್ರಾಪ್ಸ್ ಮನೆಯಲ್ಲಿದೆ.

ಮುಲುಂಡ್ ನರ್ಸಕ್ಕ:
ನಡುಗುವಾಗ ಹೆಸರು ಹಿಡಿದು ಕರೆದರೆ ನಿಮ್ಮ ಕಡೆ ನೋಡಿದನಾ? ಅತ್ತನಾ? ಹಾಗಿದ್ದರೆ ಅದು ಚಳಿ ನಡುಕ. ಜ್ವರ ಏರುವಾಗ ಮೈ ಬಿಸಿ ಹುಟ್ಟಿಸೋಕೆ ಸ್ನಾಯುಗಳನ್ನು ಕುಣಿಸುತ್ತೆ, ಕೈಕಾಲಿನ ರಕ್ತವನ್ನು ಒಳಗೆ ಎಳೆದುಕೊಳ್ಳುತ್ತೆ. ಅಂಗಾಲು ತಣ್ಣಗಾಗೋದು ಅದಕ್ಕೇ.

ಅತ್ತೆಯವರೂ ಪೂರ್ತಿ ಸರಿಯಲ್ಲ, ಕಾಕೂನೂ ಅಲ್ಲ. ನಡುಕ ಇರೋವರೆಗೆ ಒಂದು ತೆಳು ಹೊದಿಕೆ ಸಾಕು, ನಿಂತ ಮೇಲೆ ತೆಗೆಯಿರಿ. ಕುಲಾವಿ ಬೇಡ. ತಣ್ಣೀರು ಬಿದ್ದರೆ ನಡುಕ ಇನ್ನೂ ಜಾಸ್ತಿಯಾಗುತ್ತೆ.

ಡ್ರಾಪ್ಸ್ ಕೊಡುವ ಮುಂಚೆ ಬಾಟಲಿ ಓದಿ. ಒಂದು ಸಲಕ್ಕೆ ಕಿಲೋಗೆ 15 ಮಿಗ್ರಾಂ, ಅಂದರೆ ನಿಮ್ಮ ಮಗನಿಗೆ 120. 1 ಮಿಲೀಯಲ್ಲಿ 100 ಮಿಗ್ರಾಂ ಅಂತ ಬರೆದಿದ್ದರೆ 1.2 ಮಿಲೀ. ಸಿರಪ್ ಬೇರೆ, ಡ್ರಾಪ್ಸ್ ಬೇರೆ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಡೋಸ್ ಎಷ್ಟೋ ಪಟ್ಟು ಏರುತ್ತೆ. ಮತ್ತೆ ಕೊಡೋದು ಆರು ಗಂಟೆ ಬಿಟ್ಟು. ಮಧ್ಯೆ ಎದೆಹಾಲು ಕೊಡುತ್ತಾ ಇರಿ.

ಕರೆದರೂ ನೋಡದೆ ಕಣ್ಣು ಮೇಲೆ ಮಾಡಿ, ಕೈಕಾಲು ಒಂದೇ ತಾಳದಲ್ಲಿ ಎಳೆದರೆ, ನೀವು ಹಿಡಿದರೂ ನಿಲ್ಲದಿದ್ದರೆ ಅದು ಫಿಟ್ಸ್. ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಬೇಗ ನಿಂತರೂ ಆಸ್ಪತ್ರೆಗೆ ಹೋಗಿ. ಬಾಯಿಗೆ ಚಮಚ ಹಾಕೋದು, ಕೈಗೆ ಕೀಲಿ ಕೊಡೋದು, ಈರುಳ್ಳಿ ಮೂಸಿಸೋದು ಯಾವುದೂ ಬೇಡ. (ಆ ಕೀಲಿಯ ಗೊಂಚಲನ್ನು ನಮ್ಮ ವಾರ್ಡಿನಲ್ಲೂ ನೋಡಿದ್ದೇನೆ!)

ಪಣಜಿಯ ಅಪ್ಪ:
ಮಳೆಗಾಲ ಅಲ್ವಾ, ನಡುಕದ ಜ್ವರ ಅಂದರೆ ಮಲೇರಿಯಾನೂ ನೋಡಬೇಕು. ನಮ್ಮ ಮಗಳಿಗೆ ಹೀಗೇ ಆದಾಗ ಡಾಕ್ಟರು ರಕ್ತದ ಜೊತೆ ಮೂತ್ರವನ್ನೂ ಪರೀಕ್ಷೆ ಮಾಡಿಸಿದರು. ಕೊನೆಗೆ ಸಿಕ್ಕಿದ್ದು ಮೂತ್ರದ ಸೋಂಕು.

ಮುಲುಂಡ್ ನರ್ಸಕ್ಕ:
ಹೌದು, ಸರಿ ಹೇಳಿದಿರಿ. ಡೆಂಗಿ ಅಲ್ಲ ಅಂತ ಗೊತ್ತಾಗೋವರೆಗೆ ಐಬುಪ್ರೊಫೆನ್ (ಜ್ವರದ ಇನ್ನೊಂದು ಔಷಧಿ) ಬೇಡ. ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೂ ಕಾಯಬಾರದು.

ಡೊಂಬಿವಲಿ ಅಮ್ಮ:
ಕರೆದರೆ ನೋಡುತ್ತಾನೆ ಅಕ್ಕಾ, ಸಿಟ್ಟು ಮಾಡಿಕೊಂಡು ಅಳುತ್ತಾನೆ ಕೂಡ. ಬಾಟಲಿಯಲ್ಲಿ 100 ಅಂತಲೇ ಇದೆ, 1.2 ಕೊಟ್ಟೆ. ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗುತ್ತೇವೆ. ರಾತ್ರಿಯೇ ಓಡಬೇಕಾದ್ದು ಯಾವಾಗ?

ಮುಲುಂಡ್ ನರ್ಸಕ್ಕ:
ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದೆ ಜೋತುಬಿದ್ದರೆ, ಉಸಿರು ಜೋರಾದರೆ, ತುಟಿ ನೀಲಿಯಾದರೆ, ಆರು ಗಂಟೆಯಾದರೂ ಡೈಪರ್ ಒಣಗಿದ್ದರೆ, ನಡುಕ ಮತ್ತೆ ಬಂದರೆ. ಯಜಮಾನರು ಬರಲಿ ಅಂತ ಕಾಯಬೇಡಿ, ಕಾಕೂನ ಕರೆದುಕೊಂಡು ರಿಕ್ಷಾ ಹತ್ತಿ.