16 ತಂಡಗಳ ಲೀಗ್: ಗುಂಪು ಮಾಡಬೇಕಾ? ಪ್ಲೇಆಫ್ ಹೇಗಿರಬೇಕು?

ಕೇಳಿದವರು

ನಮ್ಮ ಹವ್ಯಾಸಿ ಫುಟ್‌ಬಾಲ್ ಲೀಗಿನಲ್ಲಿ ಇಲ್ಲಿಯವರೆಗೆ 8 ತಂಡ ಇದ್ದವು. ಎಲ್ಲರೂ ಎಲ್ಲರ ಜೊತೆ ಎರಡು ಸಲ ಆಡುತ್ತಿದ್ದರು, ಪಟ್ಟಿಯಲ್ಲಿ ಮೇಲೆ ಬಂದವರಿಗೆ ಕಪ್. ತಲೆನೋವೇ ಇರಲಿಲ್ಲ. ಈ ಸಲ 16 ತಂಡ ಬರುತ್ತಿವೆ. ನಮಗೆ ಸಿಗುವುದು 14 ವಾರ, ಒಂದು ತಂಡಕ್ಕೆ ವಾರಕ್ಕೆ ಒಂದೇ ಪಂದ್ಯ. ಪೂರ್ವ, ಪಶ್ಚಿಮ ಅಂತ ಎರಡು ಗುಂಪು ಮಾಡಿ ಅಂತಾರೆ ಕೆಲವರು. ನಾಲ್ಕು ಗುಂಪು ಮಾಡಿ ಅಂತಾರೆ ಇನ್ನು ಕೆಲವರು. ಪ್ಲೇಆಫ್ ಮಾತ್ರ ಎಲ್ಲರಿಗೂ ಬೇಕು. ಲೀಗ್ ನಡೆಸಿದವರು, ಆಡಿದವರು, ಸುಮ್ನೆ ನೋಡಿದವರು, ಯಾರಾದರೂ ಸರಿ, ನಿಮ್ಮ ಅನುಭವ ಹೇಳಿ.

ವೇಳಾಪಟ್ಟಿ ಮಾಡುವವರು

ಗುಂಪು ಎಷ್ಟು ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಲೆಕ್ಕ. 16 ತಂಡ ಒಬ್ಬರಿಗೊಬ್ಬರು ಒಂದೊಂದು ಸಲ ಆಡಿದರೂ 120 ಪಂದ್ಯ, 15 ವಾರ ಬೇಕು. ನಿಮ್ಮ ಹತ್ತಿರ ಇರುವುದು 14. ಪ್ಲೇಆಫ್‌ಗೆ 3 ವಾರ ತೆಗೆದಿಟ್ಟರೆ ಉಳಿಯುವುದು 11. ಅಂದರೆ ಒಂದು ತಂಡ ಉಳಿದ 15ರಲ್ಲಿ 11 ಜನರ ಜೊತೆ ಮಾತ್ರ ಆಡಲು ಸಾಧ್ಯ. ಯಾವ ನಾಲ್ವರನ್ನು ಬಿಡುವುದು ಅನ್ನುವುದಕ್ಕೆ ಉತ್ತರವಾಗಿ ಗುಂಪು ಹುಟ್ಟಬೇಕು. ನಕಾಶೆ ಮುಂದಿಟ್ಟುಕೊಂಡು ಗೆರೆ ಎಳೆಯಲು ಕೂತರೆ ಜಗಳ ಅಲ್ಲಿಂದಲೇ ಶುರು.

ದೊಡ್ಡ ಲೀಗುಗಳಲ್ಲೂ ಇದೇ ಕಥೆ. ಅಮೆರಿಕದ ಎನ್‌ಎಫ್‌ಎಲ್‌ನಲ್ಲಿ (ಅವರ ಅಮೆರಿಕನ್ ಫುಟ್‌ಬಾಲ್ ಲೀಗ್) 32 ತಂಡ, ಒಂದು ತಂಡಕ್ಕೆ 17 ಪಂದ್ಯ. ಎಲ್ಲರೂ ಎಲ್ಲರ ಜೊತೆ ಆಡುವ ಮಾತೇ ಇಲ್ಲ. ಹಾಗಾಗಿ 2 ಕಾನ್ಫರೆನ್ಸ್ ಅಂದರೆ ದೊಡ್ಡ ಗುಂಪು, ಒಂದೊಂದರಲ್ಲಿ 4 ತಂಡಗಳ 4 ಡಿವಿಷನ್ ಅಂದರೆ ಸಣ್ಣ ಗುಂಪು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 20 ತಂಡ, 38 ಪಂದ್ಯ. ಎಲ್ಲರ ಜೊತೆ ಎರಡೆರಡು ಸಲ ಆಡಲು ಸಮಯ ಇದೆ. ಅಲ್ಲಿ ಗುಂಪೂ ಇಲ್ಲ, ಪ್ಲೇಆಫೂ ಇಲ್ಲ.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಯಾರು ಯಾರ ಜೊತೆ ಆಡಬೇಕು ಅನ್ನುವುದನ್ನು ಗುಂಪು ಹೇಳಲಿ. ಯಾರು ಮುಂದೆ ಹೋಗಬೇಕು ಅನ್ನುವುದನ್ನು ಗುಂಪಿಗೆ ಬಿಡಬೇಡಿ. ಎನ್‌ಎಫ್‌ಎಲ್‌ನಲ್ಲಿ ಡಿವಿಷನ್ ಗೆದ್ದವರಿಗೆ ಪ್ಲೇಆಫ್ ಗ್ಯಾರಂಟಿ. 2010ರಲ್ಲಿ ಸಿಯಾಟಲ್ ಸೀಹಾಕ್ಸ್ 7 ಗೆದ್ದು 9 ಸೋತು ತನ್ನ ದುರ್ಬಲ ಡಿವಿಷನ್ನಿನಲ್ಲಿ ಮೊದಲು ಬಂತು. ಅದೇ ಕಾನ್ಫರೆನ್ಸಿನಲ್ಲಿ 10 ಗೆದ್ದು 6 ಸೋತಿದ್ದ ನ್ಯೂಯಾರ್ಕ್ ಜೈಂಟ್ಸ್ ಮತ್ತು ಟ್ಯಾಂಪಾ ಬೇ ಮನೆಗೆ ಹೋದವು. ಸಿಯಾಟಲ್‌ಗೆ ಮೊದಲ ಪ್ಲೇಆಫ್ ತವರು ಮೈದಾನದಲ್ಲೇ ಸಿಕ್ಕಿತು. ಹಿಂದಿನ ವರ್ಷದ ಚಾಂಪಿಯನ್ ನ್ಯೂ ಆರ್ಲಿಯನ್ಸ್ 11 ಪಂದ್ಯ ಗೆದ್ದಿದ್ದರೂ ಅಲ್ಲಿಗೇ ಹೋಗಿ ಆಡಿ ಸೋತಿತು. ನೋಡಲು ಮಜಾ ಇತ್ತು, ನಿಜ. ಆದರೆ ನಿಮ್ಮ ಲೀಗಿನಲ್ಲಿ ಹೀಗಾದರೆ ಸೋತ ತಂಡದವರು ಮಾರನೇ ದಿನವೇ ನಿಮಗೆ ಫೋನ್ ಮಾಡುತ್ತಾರೆ.

ಬೇಸ್‌ಬಾಲಿನಲ್ಲಿ ಇನ್ನೂ ಕಹಿಯಾದದ್ದು ಆಗಿದೆ. 1993ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ 103 ಪಂದ್ಯ ಗೆದ್ದಿತು. ಅದೇ ಡಿವಿಷನ್ನಿನಲ್ಲಿದ್ದ ಅಟ್ಲಾಂಟಾ 104 ಗೆದ್ದಿತು. ಆಗ ವೈಲ್ಡ್ ಕಾರ್ಡ್ (ಡಿವಿಷನ್ ಗೆಲ್ಲದವರಿಗೂ ಸಿಗುವ ಪ್ಲೇಆಫ್ ಜಾಗ) ಇರಲಿಲ್ಲ, ಡಿವಿಷನ್ ಗೆದ್ದವರಿಗೆ ಮಾತ್ರ ಮುಂದಿನ ದಾರಿ. 97 ಗೆದ್ದ ಫಿಲಡೆಲ್ಫಿಯಾ ಇನ್ನೊಂದು ಡಿವಿಷನ್ನಿನಿಂದ ಒಳಗೆ ಬಂತು, 103 ಗೆದ್ದವರು ಹೊರಗೆ. ಇದರಲ್ಲೊಂದು ತಮಾಷೆ ಇದೆ. ಅಟ್ಲಾಂಟಾ ಇರುವುದು ದೇಶದ ಪೂರ್ವಕ್ಕೆ, ಅದನ್ನು ಹಾಕಿದ್ದು ಪಶ್ಚಿಮದ ಡಿವಿಷನ್ನಿಗೆ! 

ಐಪಿಎಲ್ 2022ರಲ್ಲಿ 10 ತಂಡ ಆದಾಗ ಮಾಡಿದ್ದು ನಿಮಗೆ ಹತ್ತಿರವಾದೀತು. ಐದೈದರ ಎರಡು ಗುಂಪು. ತನ್ನ ಗುಂಪಿನ ನಾಲ್ವರ ಜೊತೆ ಎರಡೆರಡು ಪಂದ್ಯ, ಆ ಕಡೆಯ ಒಂದು ತಂಡದ ಜೊತೆ ಎರಡು, ಉಳಿದ ನಾಲ್ವರ ಜೊತೆ ಒಂದೊಂದು. ಒಟ್ಟು 14. ಅಂಕಪಟ್ಟಿ ಮಾತ್ರ ಒಂದೇ, ಮೊದಲ ನಾಲ್ವರು ಪ್ಲೇಆಫ್‌ಗೆ. ಗುಂಪು ಇದೆ ಅಂತ ಎಷ್ಟೋ ಜನಕ್ಕೆ ನೆನಪೂ ಇರುವುದಿಲ್ಲ. ಗುಂಪು ಅಂದರೆ ಹಾಗಿರಬೇಕು.

ನಿಮ್ಮ ಲೆಕ್ಕಕ್ಕೆ ಇಳಿಸಿದರೆ: ಎಂಟೆಂಟರ ಎರಡು ಗುಂಪು, ಸ್ವಂತ ಗುಂಪಿನಲ್ಲಿ 7 ಪಂದ್ಯ, ಆ ಕಡೆಯ ನಾಲ್ವರ ಜೊತೆ 4. ಒಟ್ಟು 11. ಅಂಕಪಟ್ಟಿ ಒಂದೇ. ನಾಲ್ಕು ಗುಂಪಿನ ಯೋಚನೆ ಬಿಡಿ. ನಾಲ್ಕೇ ತಂಡ ಇರುವ ಗುಂಪಿನಲ್ಲಿ ಒಂದು ತಂಡ ಕೈಕೊಟ್ಟರೂ ಗುಂಪೇ ಬಿದ್ದುಹೋಗುತ್ತದೆ. ಹವ್ಯಾಸಿ ಲೀಗಿನಲ್ಲಿ ತಂಡಗಳು ಕೈಕೊಡುತ್ತವೆ, ಅದನ್ನು ನಂಬಿಯೇ ಯೋಜನೆ ಮಾಡಿ.

ದೂರದಿಂದ ಬಂದು ಆಡುತ್ತಿದ್ದವರು

ಮೇಲಿನವರ ಮಾತು ಸರಿ, ಆದರೆ ಪ್ರಯಾಣದ ಬಗ್ಗೆ ಅವರು ಏನೂ ಹೇಳಲಿಲ್ಲ. ಎರಡು ಗಂಟೆ ಆಚೆಯ ಮೈದಾನಕ್ಕೆ ಪಂದ್ಯ ಬಿದ್ದ ದಿನ ನಮ್ಮ ತಂಡದಲ್ಲಿ 11 ಜನ ಸೇರಿಸುವುದೇ ಕಷ್ಟವಾಗುತ್ತಿತ್ತು. ಹತ್ತಿರದವರ ಜೊತೆ ಆಡುವಾಗ ಬದಲಿ ಆಟಗಾರರೂ ಇರುತ್ತಿದ್ದರು, ನೋಡಲು ಜನವೂ ಬರುತ್ತಿದ್ದರು. ಪಕ್ಕದವರ ಜೊತೆ ಇರುವ ಪೈಪೋಟಿಯನ್ನು ಯಾವ ಅಂಕಪಟ್ಟಿಯೂ ಹುಟ್ಟಿಸುವುದಿಲ್ಲ. ಸ್ವಂತ ಗುಂಪಿನ ಆ 7 ಪಂದ್ಯ ಹತ್ತಿರದವರ ಜೊತೆ ಇರಲಿ. ಆ ಕಡೆಯ 4 ಪಂದ್ಯಗಳನ್ನು ಒಂದೇ ಮೈದಾನದಲ್ಲಿ ಎಲ್ಲರನ್ನೂ ಸೇರಿಸಿ ನಡೆಸಲು ಆಗುತ್ತಾ ನೋಡಿ.

ಅಂಕಿಅಂಶದ ಹುಚ್ಚಿನವರು

ಪ್ರಯಾಣದ ಮಾತು ಒಪ್ಪಿದೆ. ಆದರೆ ಹತ್ತಿರ ಇರುವವರು ಒಂದೇ ಮಟ್ಟದವರು ಅಂತ ಏನೂ ಇಲ್ಲವಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 2013–14ರಲ್ಲಿ ಪಶ್ಚಿಮದಲ್ಲಿದ್ದ ಫೀನಿಕ್ಸ್ 48 ಪಂದ್ಯ ಗೆದ್ದು ಪ್ಲೇಆಫ್ ತಪ್ಪಿಸಿಕೊಂಡಿತು. ಪೂರ್ವದ ಅಟ್ಲಾಂಟಾ 38 ಗೆದ್ದು ಒಳಗೆ ಹೋಯಿತು. ಬಲ ಒಂದು ಕಡೆಗೆ ವಾಲಿದರೆ ಹೀಗೆಯೇ. ಆ ಲೀಗಿನವರು ಕೊನೆಗೆ ಒಂದು ಕೆಲಸ ಮಾಡಿದರು. 2015–16ರಿಂದ ಡಿವಿಷನ್ ಗೆದ್ದವರಿಗೆ ಇದ್ದ ಗ್ಯಾರಂಟಿ ತೆಗೆದರು, ಕಾನ್ಫರೆನ್ಸ್ ಮಾತ್ರ ಹಾಗೇ ಉಳಿಯಿತು. ಬೇಸ್‌ಬಾಲಿನವರು 2023ರಿಂದ ಸ್ವಂತ ಡಿವಿಷನ್ನಿನ ಒಂದೊಂದು ಎದುರಾಳಿಯ ಜೊತೆ ಆಡುವ ಪಂದ್ಯಗಳನ್ನು 19ರಿಂದ 13ಕ್ಕೆ ಇಳಿಸಿ, ಪ್ರತಿ ತಂಡವೂ ಉಳಿದ ಎಲ್ಲ ತಂಡಗಳನ್ನು ಎದುರಿಸುವ ಹಾಗೆ ಮಾಡಿದರು.

ಹಾಗಾಗಿ ಆ 4 ಹೊರಗಿನ ಪಂದ್ಯಗಳನ್ನು ಚೀಟಿ ಎತ್ತಿ ಹಂಚಬೇಡಿ. ಪ್ರತಿ ತಂಡಕ್ಕೂ ಎದುರು ಗುಂಪಿನ ಇಬ್ಬರು ಬಲಿಷ್ಠರು, ಇಬ್ಬರು ಸಾಧಾರಣದವರು ಸಿಗಲಿ. ಆಗ ಒಂದೇ ಅಂಕಪಟ್ಟಿ ಮಾಡಿದರೂ ಅದಕ್ಕೊಂದು ಅರ್ಥ ಇರುತ್ತದೆ. ಹೊರಗಿನ ಪಂದ್ಯವೇ ಇಲ್ಲದಿದ್ದರೆ ಎರಡು ಗುಂಪಿನ ಅಂಕಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ದಂಡ.

ಈಗ ಪ್ಲೇಆಫ್. ಎಷ್ಟು ತಂಡ ಅನ್ನುವುದಕ್ಕಿಂತ ಮೇಲೆ ಬಂದವರಿಗೆ ಏನು ಲಾಭ ಅಂತ ಕೇಳಿಕೊಳ್ಳಿ. ನಾಲ್ಕೂ ತಂಡ ಸಮಬಲ ಅಂತ ಇಟ್ಟುಕೊಂಡರೆ, ಮಾಮೂಲಿ ಸೆಮಿಫೈನಲ್ಲಿನಲ್ಲಿ ಒಂದೊಂದಕ್ಕೂ ಕಪ್ ಗೆಲ್ಲುವ ಸಾಧ್ಯತೆ 25 ಶೇಕಡ. ಅಂದರೆ ಮೊದಲು ಬಂದವರಿಗೂ ನಾಲ್ಕನೆಯವರಿಗೂ ವ್ಯತ್ಯಾಸವೇ ಇಲ್ಲ. ಐಪಿಎಲ್ 2011ರಿಂದ ಬಳಸುತ್ತಿರುವ ಪದ್ಧತಿಯಲ್ಲಿ ಮೊದಲ ಇಬ್ಬರು ಮೊದಲ ಕ್ವಾಲಿಫೈಯರ್ ಆಡುತ್ತಾರೆ. ಗೆದ್ದವರು ನೇರ ಫೈನಲ್ಲಿಗೆ. ಸೋತವರಿಗೆ ಇನ್ನೊಂದು ಅವಕಾಶ ಇದೆ, ಎಲಿಮಿನೇಟರ್ ಗೆದ್ದವರನ್ನು ಸೋಲಿಸಿದರೆ ಅವರೂ ಫೈನಲ್ಲಿಗೆ. ಮೂರು, ನಾಲ್ಕನೆಯವರು ಎಲಿಮಿನೇಟರಿನಲ್ಲಿ ಸೋತರೆ ಮುಗಿಯಿತು. ಇದರಲ್ಲಿ ಮೊದಲ ಇಬ್ಬರ ಸಾಧ್ಯತೆ ತಲಾ 37.5 ಶೇಕಡ, ಉಳಿದಿಬ್ಬರದು ತಲಾ 12.5. ಆಸ್ಟ್ರೇಲಿಯದ ವಿಕ್ಟೋರಿಯಾ ಫುಟ್‌ಬಾಲ್ ಲೀಗ್ 1931ರಲ್ಲೇ ಇದನ್ನು ತಂದಿತ್ತು. ಹಳೆಯದು, ಚೆನ್ನಾಗಿದೆ, ಬೇಕಾಗುವುದು ನಾಲ್ಕೇ ಪಂದ್ಯ, ಮೂರೇ ವಾರ. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಒಂದು ಸುತ್ತಿನಲ್ಲಿ ಎರಡು ಮೂರು ಪಂದ್ಯ ಇಟ್ಟರೆ ಒಳ್ಳೆಯ ತಂಡವೇ ಗೆಲ್ಲುತ್ತದೆ ಅನ್ನುವವರು ಬರುತ್ತಾರೆ. ಒಂದು ಪಂದ್ಯ ಗೆಲ್ಲುವ ಸಾಧ್ಯತೆ 55 ಶೇಕಡ ಇರುವ ತಂಡಕ್ಕೆ ಮೂರರಲ್ಲಿ ಎರಡು ಗೆಲ್ಲಬೇಕು ಅಂದರೆ ಅದು ಸುಮಾರು 57 ಆಗುತ್ತದೆ, ಏಳರಲ್ಲಿ ನಾಲ್ಕು ಅಂದರೆ ಸುಮಾರು 61. ಅಷ್ಟೇ. ಇಷ್ಟಕ್ಕಾಗಿ ವಾರ ಹಾಳು ಮಾಡಬೇಡಿ.

ಇನ್ನೊಬ್ಬರು

ಇಷ್ಟೆಲ್ಲ ಯಾಕೆ? ಬಲದ ಮೇಲೆ ಎರಡು ಮಟ್ಟ ಮಾಡಿ. ಮೇಲೆ 8, ಕೆಳಗೆ 8. ಎರಡೆರಡು ಸಲ ಆಡಿದರೆ ಸರಿಯಾಗಿ 14 ವಾರ. ಮುಂದಿನ ವರ್ಷಕ್ಕೆ ಕೆಳಗಿನ ಮೊದಲ ಇಬ್ಬರು ಮೇಲೆ, ಮೇಲಿನ ಕೊನೆಯ ಇಬ್ಬರು ಕೆಳಗೆ. ಪ್ಲೇಆಫ್ ಬೇಡ.

ಕೇಳಿದವರು

ಇದನ್ನು ಸಭೆಯಲ್ಲಿ ಹೇಳಿದ್ದೆ. ಹೊಸ ತಂಡಗಳೆಲ್ಲ ಕೆಳಗಿನ ಮಟ್ಟಕ್ಕೆ ಬೀಳುತ್ತವೆ, ಮೊದಲ ವರ್ಷವೇ ಕಪ್ಪಿನ ಆಸೆ ಇಲ್ಲ ಅಂದರೆ ಯಾಕೆ ಬರಬೇಕು ಅಂದರು. ಅದೂ ಸರಿ ಅಲ್ವಾ?

ವೇಳಾಪಟ್ಟಿ ಮಾಡುವವರು

ಬಾಗಿಲು ಮುಚ್ಚದೆಯೂ ಎರಡು ಮಟ್ಟ ಮಾಡಬಹುದು. ರಣಜಿ ಟ್ರೋಫಿಯಲ್ಲಿ 2002–03ರಲ್ಲಿ ವಲಯಗಳನ್ನು ಬಿಟ್ಟು ಮೇಲಿನ ಮಟ್ಟ ಎಲೀಟ್, ಕೆಳಗಿನದು ಪ್ಲೇಟ್ ಅಂತ ಮಾಡಿದರು. ಮುಂದೆ ಪ್ಲೇಟಿನಲ್ಲಿ ಚೆನ್ನಾಗಿ ಆಡಿದವರಿಗೂ ಅದೇ ವರ್ಷ ನಾಕೌಟಿಗೆ ಬರುವ ದಾರಿ ಇಟ್ಟರು. 2010–11ರಲ್ಲಿ ರಾಜಸ್ಥಾನ ಆ ಪ್ಲೇಟಿನಿಂದಲೇ ಬಂದು ಕಪ್ ಎತ್ತಿತು. ಆದರೂ ಮೊದಲ ವರ್ಷ ನಿಮಗೆ ಇದು ಬೇಡ. ಹೊಸ 8 ತಂಡಗಳ ಬಲ ಎಷ್ಟು ಅಂತ ಈಗ ಯಾರಿಗೂ ತಿಳಿದಿಲ್ಲ. ಒಂದು ವರ್ಷ ಎಲ್ಲರನ್ನೂ ಬೆರೆಸಿ ಆಡಿಸಿ, ಆಮೇಲೆ ಮಟ್ಟದ ಮಾತು ತೆಗೆಯಿರಿ.

ಮಧ್ಯದ ದಾರಿ ಬೇಕು ಅಂದರೆ ಸ್ಕಾಟ್ಲೆಂಡಿನ ಪದ್ಧತಿ ನೋಡಿ. ಅಲ್ಲಿನ ಮೇಲಿನ ಲೀಗಿನಲ್ಲಿ 12 ತಂಡ, 33 ಪಂದ್ಯ ಆದಮೇಲೆ ಪಟ್ಟಿಯನ್ನು ಆರಾರಾಗಿ ಒಡೆಯುತ್ತಾರೆ. ಕೊನೆಯ 5 ಪಂದ್ಯ ತಮ್ಮ ಅರ್ಧದವರ ಜೊತೆ ಮಾತ್ರ. ಕೊನೆಯ ವಾರಗಳಲ್ಲಿ ಸಪ್ಪೆ ಪಂದ್ಯ ಕಡಿಮೆ. ಆದರೆ ಏಳನೆಯವರು ಆರನೆಯವರಿಗಿಂತ ಜಾಸ್ತಿ ಅಂಕ ಪಡೆದರೂ ಏಳನೆಯವರಾಗಿಯೇ ಉಳಿಯಬೇಕು. ಇದನ್ನು ಆಟಗಾರರಿಗೆ ವಿವರಿಸುವ ತಾಳ್ಮೆ ನಿಮಗಿದ್ದರೆ ಮಾಡಿ.

ರೆಫರಿ ಕೆಲಸ ಮಾಡಿದವರು

ಯಾರೂ ಕೊನೆಯ ವಾರದ ಬಗ್ಗೆ ಹೇಳಲಿಲ್ಲ. ಕೊನೆಯ ಸುತ್ತಿನ ಎಲ್ಲ ಪಂದ್ಯಗಳೂ ಒಂದೇ ಹೊತ್ತಿಗೆ ಶುರುವಾಗಲಿ. ಎಲ್ಲಕ್ಕೂ ಮೈದಾನ ಸಿಗದಿದ್ದರೆ ಪ್ಲೇಆಫ್‌ಗೆ ಸಂಬಂಧಪಟ್ಟವಾದರೂ ಒಟ್ಟಿಗೆ ಇರಲಿ. 1982ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಪಶ್ಚಿಮ ಜರ್ಮನಿ, ಆಸ್ಟ್ರಿಯಾ ಇದ್ದ ಗುಂಪಿನಲ್ಲೇ ಇದ್ದ ಅಲ್ಜೀರಿಯಾ ತನ್ನ ಕೊನೆಯ ಪಂದ್ಯವನ್ನು ಹಿಂದಿನ ದಿನವೇ ಆಡಿ ಮುಗಿಸಿತ್ತು. ಪಶ್ಚಿಮ ಜರ್ಮನಿ 1–0 ಗೆದ್ದರೆ ತಾವಿಬ್ಬರೂ ಮುಂದೆ ಹೋಗುತ್ತೇವೆ ಅಂತ ಆಸ್ಟ್ರಿಯಾಕ್ಕೂ ಗೊತ್ತು, ಜರ್ಮನಿಗೂ ಗೊತ್ತು. ಜರ್ಮನಿ ಮೊದಲ ಹನ್ನೊಂದು ನಿಮಿಷದೊಳಗೇ ಗೋಲು ಹೊಡೆಯಿತು. ಉಳಿದ ಹೊತ್ತು ಇಬ್ಬರೂ ಚೆಂಡು ತಳ್ಳಿಕೊಂಡು ಕಾಲ ಕಳೆದರು, ಅಲ್ಜೀರಿಯಾ ಹೊರಗೆ. 1986ರಿಂದ ಗುಂಪಿನ ಕೊನೆಯ ಪಂದ್ಯಗಳು ಒಟ್ಟಿಗೇ ನಡೆಯುತ್ತಿವೆ.

ಸೋತರೆ ಲಾಭ ಆಗುವಂಥ ನಿಯಮ ಎಲ್ಲಾದರೂ ಉಳಿದಿದೆಯಾ ಅಂತಲೂ ಹುಡುಕಿ. 2012ರ ಲಂಡನ್ ಒಲಿಂಪಿಕ್ಸಿನ ಮಹಿಳಾ ಡಬಲ್ಸ್ ಬ್ಯಾಡ್ಮಿಂಟನ್ನಿನಲ್ಲಿ ಎಂಟು ಆಟಗಾರ್ತಿಯರನ್ನು ಹೊರಹಾಕಿದರು. ನಾಕೌಟಿನಲ್ಲಿ ಅನುಕೂಲದ ಎದುರಾಳಿ ಸಿಗಲಿ ಅಂತ ಬೇಕಂತಲೇ ಸೋಲಲು ನೋಡಿದ್ದರು. ಎರಡನೇ ಸ್ಥಾನಕ್ಕಿಂತ ಮೂರನೇ ಸ್ಥಾನ ಸುಲಭ ಅನ್ನಿಸುವ ಪಟ್ಟಿ ಮಾಡಬೇಡಿ. ಮೇಲೆ ಹೇಳಿದ ಎರಡನೇ ಅವಕಾಶದ ಪ್ಲೇಆಫ್‌ನಲ್ಲಿ ಆ ಭಯ ಕಡಿಮೆ.

ಸಮಬಲ ಆದರೆ ಏನು ಅನ್ನುವುದನ್ನೂ ಮೊದಲೇ ಬರೆದಿಡಿ. 2019ರ ಕ್ರಿಕೆಟ್ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್, ಪಾಕಿಸ್ತಾನ ಎರಡಕ್ಕೂ 11 ಅಂಕ, ಗೆಲುವೂ ಸಮ. ಪಾಕಿಸ್ತಾನ ನ್ಯೂಜಿಲೆಂಡನ್ನು ಸೋಲಿಸಿತ್ತು. ನೆಟ್ ರನ್ ರೇಟ್ ನೋಡಿ ನ್ಯೂಜಿಲೆಂಡ್ ಸೆಮಿಫೈನಲ್ಲಿಗೆ ಹೋಯಿತು. ನಿಯಮ ಮೊದಲೇ ಇದ್ದದ್ದರಿಂದ ಗೊಣಗಾಟ ಅಲ್ಲಿಗೇ ನಿಂತಿತು.

ಕೇಳಿದವರು

ಎಲ್ಲರಿಗೂ ಧನ್ಯವಾದ. ಎಂಟೆಂಟರ ಎರಡು ಗುಂಪು, ಒಂದೇ ಅಂಕಪಟ್ಟಿ, ನಾಲ್ಕು ತಂಡಗಳ ಪ್ಲೇಆಫ್ ಅಂತ ಸಭೆಗೆ ಬರೆದುಕೊಡುತ್ತಿದ್ದೇನೆ. ಎರಡು ಅನುಮಾನ. ಸಮಬಲ ಆದರೆ ಪರಸ್ಪರ ಪಂದ್ಯ ನೋಡಬೇಕಾ, ಗೋಲು ವ್ಯತ್ಯಾಸವಾ? ನಡುವೆ ಒಂದು ತಂಡ ಬಿಟ್ಟುಹೋದರೆ?

ವೇಳಾಪಟ್ಟಿ ಮಾಡುವವರು

ಬೇರೆ ಬೇರೆ ಗುಂಪಿನ ಎರಡು ತಂಡ ಪರಸ್ಪರ ಆಡಿರಲೇಬೇಕು ಅಂತಿಲ್ಲ. ಹಾಗಾಗಿ ಮೊದಲು ಗೆಲುವಿನ ಸಂಖ್ಯೆ, ಆಮೇಲೆ ಗೋಲು ವ್ಯತ್ಯಾಸ, ಆಮೇಲೆ ಹೊಡೆದ ಗೋಲು. ಪರಸ್ಪರ ಪಂದ್ಯವನ್ನು ಅದಾದ ಮೇಲೆ ಇಡಿ, ಕೊನೆಗೆ ಚೀಟಿ. ಒಂದು ಪಂದ್ಯದ ಗೋಲು ವ್ಯತ್ಯಾಸಕ್ಕೆ ಮಿತಿ ಹಾಕಿ, ಐದು ಸಾಕು. ಇಲ್ಲದಿದ್ದರೆ ದುರ್ಬಲ ತಂಡದ ಮೇಲೆ 14 ಗೋಲು ಹೊಡೆದವರು ಪಟ್ಟಿಯಲ್ಲಿ ಏರಿ ಕೂರುತ್ತಾರೆ.

ತಂಡ ಬಿಟ್ಟುಹೋದರೆ: ಅರ್ಧಕ್ಕಿಂತ ಕಡಿಮೆ ಪಂದ್ಯ ಆಡಿದ್ದರೆ ಅವರ ಎಲ್ಲ ಫಲಿತಾಂಶ ರದ್ದು ಮಾಡಿ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಆಡಿದ್ದರೆ ಆದದ್ದು ಹಾಗೇ ಇರಲಿ, ಉಳಿದ ಎದುರಾಳಿಗಳಿಗೆ 3–0 ವಾಕ್‌ಓವರ್. ರದ್ದು ಮಾಡಿದಾಗ ಕೆಲವರು ಒಂದು ಪಂದ್ಯ ಕಡಿಮೆ ಆಡಿದಂತಾಗುತ್ತದೆ. ಆಗ ಒಟ್ಟು ಅಂಕದ ಬದಲು ಪಂದ್ಯಕ್ಕೆ ಇಷ್ಟು ಅಂಕ ಅಂತ ಸರಾಸರಿ ತೆಗೆದು ಪಟ್ಟಿ ಮಾಡಿ. ಇದನ್ನೆಲ್ಲ ಮೊದಲ ಪಂದ್ಯಕ್ಕೆ ಮುಂಚೆ ಒಂದು ಹಾಳೆಯಲ್ಲಿ ಬರೆದು 16 ತಂಡಗಳ ಸಹಿ ತಗೊಳ್ಳಿ. ಸಹಿ ಹಾಕದವರ ಪಂದ್ಯ ವೇಳಾಪಟ್ಟಿಗೆ ಸೇರಿಸಬೇಡಿ.