ಅಪ್‌ಡೇಟ್: ಫ್ಲಶ್ ಟ್ಯಾಂಕ್ ಸದ್ದು ನಿಂತೋಯ್ತು
ಹೋದ ವಾರ ಕೇಳಿದ್ನಲ್ಲ, ರಾತ್ರಿ ಯಾರೂ ಬಾತ್‌ರೂಮಿಗೆ ಹೋಗ್ದೆ ಇದ್ರೂ ಫ್ಲಶ್ ಟ್ಯಾಂಕ್ ಆಗಾಗ ಕುಂಯ್ಯ್ ಅಂತ ಕೂಗುತ್ತೆ, ಪಕ್ಕದ ರೂಮಲ್ಲಿ ಮಲಗೋ ಅಮ್ಮಂಗೆ ನಿದ್ದೇನೇ ಇಲ್ಲ ಅಂತ. ಸರಿಹೋಯ್ತು, ಎಲ್ರಿಗೂ ತುಂಬಾ ಥ್ಯಾಂಕ್ಸ್.

ತೊಂದ್ರೆ ಒಂದಲ್ಲ, ಎರಡಿತ್ತು. ನೀವು ಹೇಳ್ದಂಗೆ ಟ್ಯಾಂಕಿಗೆ ಸ್ವಲ್ಪ ಕೇಸರಿಬಾತಿನ ಕಲರ್ ಹಾಕಿ ಫ್ಲಶ್ ಮಾಡದೇ ಹಾಗೇ ಬಿಟ್ಟೆ, ಅರ್ಧ ಗಂಟೆ ಆದ್ಮೇಲೆ ನೋಡಿದ್ರೆ ಕಮೋಡಲ್ಲಿ ಬಣ್ಣ ಇಳಿದಿತ್ತು. ಅಂದ್ರೆ ಕೆಳಗಿನ ರಬ್ಬರ್ ಸೀಲ್ ಸವೆದು ನೀರು ಸುಮ್ನೆ ಸೋರ್ತಾ ಇತ್ತು, ಲೆವೆಲ್ ಇಳಿದಾಗೆಲ್ಲ ಬಾಲ್ ಕಾಕ್ (ತೇಲೋ ಬಾಲ್ ಇಳಿದ್ರೆ ನೀರು ಬಿಡೋ, ಏರಿದ್ರೆ ನಿಲ್ಸೋ ವಾಲ್ವ್) ತೆರ್ಕೊಂಡು ಮತ್ತೆ ತುಂಬ್ತಿತ್ತು. ಕೂಗ್ತಿದ್ದದ್ದು ಆ ಬಾಲ್ ಕಾಕೇ. ನಮ್ದು ಬೋರ್‌ವೆಲ್ ನೀರು, ಗಡಸು, ಬಿಚ್ಚಿ ನೋಡಿದ್ರೆ ಒಳಗಡೆ ಬಿಳೀ ಸುಣ್ಣದ ಥರ ಕಟ್ಕೊಂಡು ವಾಷರ್ ಕಲ್ಲಾಗಿತ್ತು, ಸಂದಿಲಿ ನೀರು ನುಗ್ಗೋವಾಗ ಅದು ಅದುರಿ ಸದ್ದು.

ವಿನೆಗರಲ್ಲಿ ನೆನೆಸಿಟ್ಟು ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿದೆ, ವಾಷರ್, ಸೀಲ್ ಎರಡೂ ಹೊಸದು ಹಾಕ್ದೆ. ಬಿಚ್ಚೋ ಮುಂಚೆ ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬರೋ ಪೈಪಿನ ನಲ್ಲಿ) ಪೂರ್ತಿ ಬಂದ್ ಮಾಡಿ, ಟ್ಯಾಂಕ್ ಒಮ್ಮೆ ಖಾಲಿ ಮಾಡ್ಕೊಳ್ಳಿ. ಸೀಲ್ ತರೋಕೆ ಹಳೇದನ್ನ ಕೈಯಲ್ಲೇ ಹಿಡ್ಕೊಂಡು ಹೋಗಿ, ಸೈಜ್ ಬೇರೆ ಬೇರೆ ಇರುತ್ತೆ, ನಾನು ಮೊದಲ ಸಲ ಅಂದಾಜಲ್ಲಿ ತಂದದ್ದು ಕೂರ್ಲೇ ಇಲ್ಲ.

ಪ್ಲಂಬರ್ ಒಬ್ರು ನೋಡಿ ಇಡೀ ಟ್ಯಾಂಕೇ ಬದಲಾಯಿಸ್ಬೇಕು ಅಂದಿದ್ರು, ಅದು ಬೇಕಾಗೇ ಇರ್ಲಿಲ್ಲ. ಆಂಗಲ್ ಕಾಕ್ ಈಗ ಅರ್ಧ ಮಾತ್ರ ತೆಗೆದಿಟ್ಟಿದೀನಿ, ತುಂಬೋದು ನಿಧಾನ ಆದ್ರೂ ಸದ್ದಿಲ್ಲ. ಅಮ್ಮ ನಿನ್ನೆ ಬೆಳಗ್ಗೆ ಆರರವರೆಗೂ ಮಲಗಿದ್ರು.